ಬಿತ್ತನೆ ಬೀಜ ಯಾರ ಪಾಲು?

ಬರಗಾಲದಲ್ಲಿ ಬಿತ್ತನೆ ಬೀಜ ತಿನ್ನಬಹುದೇ, ಬಾರದೇ? ನಮ್ಮ ಕುಂದುರ್ಪಿ ಸೀಮೆಯವರಿಗೆ ಇದು ಬರೀ ಪುಸ್ತಕದ ಪ್ರಶ್ನೆ ಅಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳೋ ಅನಂತಪುರ ಜಿಲ್ಲೆ ನಮ್ಮದು. ಅದೂ ಬೀಳೋ ಹೊತ್ತಿಗೆ ಬೀಳೋದಿಲ್ಲ. ಮನೆ ಮೂಲೆಯಲ್ಲಿ ಎರಡು ಮೂಟೆ ಕಡ್ಲೆಕಾಯಿ ಬೀಜಕ್ಕೆ ಅಂತ ಕಟ್ಟಿಟ್ಟಿರುತ್ತೆ. ಎಕರೆಗೆ 60 ಕೆಜಿಯಷ್ಟು ಬೀಜ ಬೇಕು ಅನ್ನೋ ಲೆಕ್ಕ ಎಲ್ಲರಿಗೂ ಗೊತ್ತು. ಮುಂಗಾರು ಕೈಕೊಟ್ಟಿದೆ, ಕೂಲಿ ಇಲ್ಲ, ಮಕ್ಕಳು ಹಸಿದಿವೆ. ಆ ಬೀಜ ಹುರಿದು ತಿಂದರೆ ಒಂದು ತಿಂಗಳು ಸಾಗುತ್ತೆ. ತಿನ್ನದೆ ಇಟ್ಟರೆ ಮಳೆ ಬಂದ ದಿನ ಹೊಲಕ್ಕೆ ಬೀಳುತ್ತೆ. ಮಳೆ ಬರದೇ ಹೋದರೆ ಈ ಕಡೆ ಊಟವೂ ಇಲ್ಲ, ಆ ಕಡೆ ಬೆಳೆಯೂ ಇಲ್ಲ.

ಹಿರಿಯರು ಇದಕ್ಕೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರು. ಬೀಜ ತಿಂದರೆ ವಂಶ ತಿಂದ ಹಾಗೆ ಅಂದರು. ಮಾತು ದೊಡ್ಡದೇ. ಆದರೆ ಆ ಮಾತು ಹೇಳುವಾಗ ಹೊಟ್ಟೆ ತುಂಬಿದವರು ಯಾರು, ಖಾಲಿ ಇದ್ದವರು ಯಾರು ಅನ್ನೋದನ್ನ ಯಾರೂ ಬರೆದಿಡಲಿಲ್ಲ. ಇನ್ನೂ ಹುಟ್ಟದೇ ಇರೋ ಬೆಳೆಗೋಸ್ಕರ, ಇನ್ನೂ ಹುಟ್ಟದೇ ಇರೋ ಮಕ್ಕಳಿಗೋಸ್ಕರ, ಈಗ ಇರೋ ಜೀವ ಎಷ್ಟು ಹಸಿಯಬೇಕು? ಯಾವ ಜೀವ ಹಸಿಯಬೇಕು? ಅದನ್ನ ತೀರ್ಮಾನ ಮಾಡೋರು ಯಾರು? ಈ ಮೂರು ಪ್ರಶ್ನೆ ಇಟ್ಟುಕೊಂಡು ನನಗೆ ತೋಚಿದ್ದನ್ನ ಇಲ್ಲಿ ಬರೀತೀನಿ.

ಇದನ್ನ ಯೋಚನೆ ಮಾಡೋಕೆ ಹಚ್ಚಿದ್ದು ಒಂದು ಹುಳ. ಹುಳ ಅಂದರೆ ಹುಳವಲ್ಲ, ಸೀಗಡಿ, ಏಡಿಗಳ ದೂರದ ನೆಂಟ. ನಮ್ಮ ವಾಚನಾಲಯದಲ್ಲಿ ಒಂದು ಸಂಜೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅದರ ವಿಷಯ ಹೇಳಿದರು. ಆ ಜಾತಿಗೆ ಕೋಪೆಪಾಡ್ ಅಂತ ಹೆಸರು. ಸಮುದ್ರದಲ್ಲೂ ಇವೆ, ನಮ್ಮ ಕೆರೆಯಲ್ಲೂ ಇವೆ. ಕೆರೆ ನೀರನ್ನ ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದರೆ ಸಣ್ಣ ಬಿಳಿ ಚುಕ್ಕೆ ಹಾರಿ ಹಾರಿ ಈಜುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ಇವೇ. ಅವುಗಳಲ್ಲಿ ಒಂದಕ್ಕೆ ಹಣೆ ಮೇಲೆ ಒಂದೇ ಕಣ್ಣು ಅಂತ ಸೈಕ್ಲಾಪ್ಸ್ ಅಂತಾರೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆಯ ಎರಡು ಚೀಲ ಸೊಂಟದ ಎರಡೂ ಕಡೆ ನೇತು ಹಾಕಿಕೊಂಡು ಓಡಾಡುತ್ತೆ. ಸಂತೆಗೆ ಹೊರಟ ಹೆಣ್ಣುಮಗಳ ಹಾಗೆ ಕಾಣುತ್ತೆ.

ಮೇಷ್ಟ್ರು ಹೇಳಿದ್ದು ಸಮುದ್ರದ ಒಂದು ಜಾತಿ ವಿಷಯ. ಅಮೆರಿಕಾ ದೇಶದ ಉತ್ತರಕ್ಕೆ ಅಲಾಸ್ಕ ಅಂತ ಹಿಮದ ಸೀಮೆ ಇದೆ. ಅಲ್ಲಿನ ಕೊಲ್ಲಿಯಲ್ಲಿ ನಿಯೋಕ್ಯಾಲನಸ್ ಅನ್ನೋ ಕೋಪೆಪಾಡ್ ಇದೆ. ಗಾತ್ರ ಹೆಚ್ಚೂಕಮ್ಮಿ ಒಂದು ಅಕ್ಕಿಕಾಳು. ಅಲ್ಲಿ ವಸಂತದಲ್ಲಿ ಬಿಸಿಲು ಏರಿದಾಗ ಸಮುದ್ರದ ಮೇಲಿನ ನೀರಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತೆ. ಅದೇ ಇವುಗಳ ಸುಗ್ಗಿ. ಮರಿಯಾಗಿದ್ದಾಗ ಆ ಕೆಲವೇ ತಿಂಗಳಲ್ಲಿ ತಿಂದು ತಿಂದು ಮೈಯಲ್ಲಿ ಎಣ್ಣೆ ತುಂಬಿಕೊಳ್ಳುತ್ತೆ. ಸುಗ್ಗಿ ಮುಗಿಯೋ ಹೊತ್ತಿಗೆ ಕೆಳಕ್ಕೆ, ನೂರಾರು ಮೀಟರ್ ಆಳಕ್ಕೆ ಇಳಿದುಬಿಡುತ್ತೆ. ಗಂಡಿನ ಜೊತೆ ಕೂಡೋದು ನಿದ್ದೆಗೆ ಮುಂಚೆಯೇ. ಆಮೇಲೆ ಹೆಣ್ಣು ಆ ಕತ್ತಲಲ್ಲಿ, ತಣ್ಣನೆ ನೀರಲ್ಲಿ, ತಿಂಗಳಾನುಗಟ್ಟಲೆ ಅಲುಗಾಡದ ಹಾಗೆ ಮಲಗುತ್ತೆ. ನಿದ್ದೆಯಲ್ಲಿ ಉಸಿರಾಟ, ಮೈ ಖರ್ಚು ಎಲ್ಲಾ ಕಮ್ಮಿ. ಮೊಟ್ಟೆಯ ಕೆಲಸವೂ ನಿಂತಿರುತ್ತೆ.

ಎದ್ದ ಮೇಲೆ ಏನಾಗುತ್ತೆ ಅನ್ನೋದೇ ವಿಶೇಷ. ಎದ್ದ ತಾಯಿ ಉಣ್ಣೋದಿಲ್ಲ. ಉಣ್ಣಬೇಕು ಅಂದರೂ ದೊಡ್ಡದಾದ ಮೇಲೆ ಅದಕ್ಕೆ ತಿನ್ನೋ ಬಾಯಿಯ ಅಂಗಗಳು ಸರಿಯಾಗಿ ಇರೋದಿಲ್ಲ. ಮೈಯೊಳಗೆ ಮೊಟ್ಟೆಯಾಗೋ ಸಣ್ಣ ಕಣಗಳು ಮೊದಲು ಒಡೆದು ಒಡೆದು ಹೆಚ್ಚುತ್ತವೆ. ಆಮೇಲೆ ಒಂದೊಂದಕ್ಕೂ ತಾಯಿ ಮೈಯಲ್ಲಿ ಇಟ್ಟಿದ್ದ ಎಣ್ಣೆ, ಸಾರ ಹೋಗಿ ತುಂಬುತ್ತೆ. ಕಣ ದೊಡ್ಡದಾಗಿ, ಮಾಗಿ, ಮೊಟ್ಟೆಯಾಗೋಕೆ ವಾರಗಟ್ಟಲೆ ಹಿಡಿಯುತ್ತೆ. ಮೊಟ್ಟೆ ತುಂಬಿದ ಹಾಗೆ ತಾಯಿಯ ಎಣ್ಣೆ ಕರಗುತ್ತೆ. ಒಂದು ಸಲಕ್ಕೆ ಎಲ್ಲಾ ಇಡೋದಿಲ್ಲ, ಕಂತು ಕಂತಾಗಿ ಇಡುತ್ತೆ. ಎಣ್ಣೆ ಮುಗಿದ ಮೇಲೆ ಸಾಯುತ್ತೆ. ಆ ಮೊಟ್ಟೆಯ ಮರಿಗಳು ಕತ್ತಲಿಂದ ಮೇಲೆ ಏರಿ ಬರೋ ಹೊತ್ತಿಗೆ ವಸಂತದ ಪಾಚಿ ಬೆಳೆಯೋಕೆ ಶುರುವಾಗುತ್ತೆ. ತಾಯಿ ಆ ಪಾಚಿಯನ್ನ ನೋಡೋದಿಲ್ಲ.

ಕೇಳುತ್ತಾ ಕೂತವರೆಲ್ಲ ಒಂದು ಗಳಿಗೆ ಸುಮ್ಮನಾದರು. ಒಬ್ಬರು, "ನೋಡಿ, ತಾಯಿ ಅಂದ್ರೆ ಇದು. ತಾನು ಉಪವಾಸ ಇದ್ದು ಮಕ್ಕಳಿಗೆ ಇಡ್ತಾಳೆ. ಈಗಿನ ಕಾಲದವರಿಗೆ ಇದನ್ನ ಹೇಳ್ಬೇಕು" ಅಂದರು. ಎಲ್ಲರೂ ತಲೆ ಆಡಿಸಿದರು. ಆಗ ಹಿಂದೆ ಕೂತಿದ್ದ ನಮ್ಮ ಮನೆಯಾಕೆ, "ಮೇಷ್ಟ್ರೇ, ಆ ಹುಳ ಮಲಗೋಕೆ ಮುಂಚೆ ಹೊಟ್ಟೆ ತುಂಬ ಉಂಡೈತಲ್ಲ?" ಅಂತ ಕೇಳಿದಳು. "ಹೌದಮ್ಮ, ಉಂಡಿರುತ್ತೆ" ಅಂದರು ಮೇಷ್ಟ್ರು. "ಹಂಗಾದ್ರೆ ಅದರ ಪುಣ್ಯ. ಅದು ಉಂಡು ಮಲಗ್ತದೆ, ಎದ್ದು ಕೊಡ್ತದೆ. ಊರಲ್ಲಿ ಹೆಣ್ಮಕ್ಕಳನ್ನ ಉಣ್ಣಿಸದೇನೆ ಮಲಗಿಸಿ, ಎದ್ದ ಮೇಲೆ ಕೊಡು ಕೊಡು ಅಂತಾರೆ" ಅಂದಳು.

ನಾನು ಇಲ್ಲಿ ಹೇಳಬೇಕು ಅಂತಿರೋದೆಲ್ಲ ಆ ಮಾತಿನ ಒಳಗೇ ಇದೆ. ಆದರೂ ಬಿಡಿಸಿ ನೋಡಬೇಕು.

ಮೊದಲನೇದು, ಆ ಹುಳ ಮಾಡೋದನ್ನ ತ್ಯಾಗ ಅನ್ನಬಹುದೇ? ತ್ಯಾಗ ಅಂದರೆ ಇಟ್ಟುಕೊಳ್ಳೋದಕ್ಕೂ ದಾರಿ ಇದ್ದು, ಬಿಡೋದಕ್ಕೂ ದಾರಿ ಇದ್ದು, ಬಿಡೋದನ್ನ ಆರಿಸಿಕೊಳ್ಳೋದು. ಆ ಹುಳಕ್ಕೆ ಎರಡು ದಾರಿ ಇಲ್ಲ. ಅದರ ಮೈ ಇರೋದೇ ಹಾಗೆ. ಅದೇ ಜಾತಿಯಲ್ಲಿ ಇನ್ನೊಂದಿದೆ, ಯೂರೋಪಿನ ಪಕ್ಕದ ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಇರೋದು, ಕ್ಯಾಲನಸ್ ಅಂತ. ಅದೂ ಎಣ್ಣೆ ತುಂಬಿಕೊಂಡು ಆಳದಲ್ಲಿ ಮಲಗುತ್ತೆ. ಆದರೆ ಎದ್ದ ಮೇಲೆ ಅದಕ್ಕೆ ಬಾಯಿ ಇದೆ. ಮೇಲೆ ಬಂದು ಪಾಚಿ ತಿಂದು ಮೊಟ್ಟೆಗೆ ಸಾರ ಕೂಡಿಸಿಕೊಳ್ಳುತ್ತೆ. ಒಂದು ಇಟ್ಟ ಗಂಟಿನ ಮೇಲೆ ಸಂಸಾರ ಮಾಡುತ್ತೆ, ಇನ್ನೊಂದು ಗಂಟೂ ಉಂಟು, ಕೂಲಿಯೂ ಉಂಟು ಅಂತ ಮಾಡುತ್ತೆ. ಹಾಗಂತ ಮೊದಲನೇದು ಸಾಧ್ವಿ, ಎರಡನೇದು ಹೊಟ್ಟೆಬಾಕ ಅನ್ನೋಕಾಗುತ್ತಾ? ಎರಡೂ ತಮ್ಮ ತಮ್ಮ ನೀರಿಗೆ ತಕ್ಕ ಹಾಗೆ ಬಾಳುತ್ತವೆ. ಹುಳವನ್ನ ತೋರಿಸಿ ಮನುಷ್ಯರಿಗೆ ಧರ್ಮ ಹೇಳೋಕೆ ಹೊರಟರೆ, ನಮಗೆ ಬೇಕಾದ ಹುಳವನ್ನೇ ಆರಿಸಿ ತೋರಿಸುತ್ತೇವೆ.

ಎರಡನೇದು, ಆ ಹುಳದಿಂದ ಕಲಿಯೋದು ಒಂದಿದ್ದರೆ ಅದು ಉಪವಾಸದ ಪಾಠ ಆಗಿರಲಾರದು. ಮೊದಲು ತುಂಬಿಕೊಳ್ಳೋದೇ ಅಲ್ಲಿನ ಪಾಠ. ಮರಿ ಕಾಲದಲ್ಲಿ ಎಣ್ಣೆ ಸಾಲದೆ ಹೋದರೆ ಎದ್ದ ಮೇಲೆ ಮೊಟ್ಟೆಗೆ ಕೊಡೋಕೆ ಏನೂ ಇರೋದಿಲ್ಲ. ಬರಿದಾದ ವಾಡೆಯನ್ನ ಎಷ್ಟು ಕೆರೆದರೂ ರಾಗಿ ಬರೋದಿಲ್ಲ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ, ನಿಜ. ಆದರೆ ಕುಡಿಕೆಯನ್ನ ತುಂಬಿಸೋಕೆ ಬಿಟ್ಟಿದ್ದೇವಾ ಅಂತ ಮೊದಲು ಕೇಳಬೇಕು.

ಹೆಣ್ಣುಮಕ್ಕಳ ಮೈಯಲ್ಲೂ ಇಂಥದೇ ನಿದ್ದೆ ಇದೆ. ಇದು ನನಗೆ ಈ ವಯಸ್ಸಿನಲ್ಲಿ ಗೊತ್ತಾಗಿ ಬೆರಗಾಯಿತು. ಹೆಣ್ಣು ಕೂಸು ಇನ್ನೂ ತಾಯಿ ಹೊಟ್ಟೆಯಲ್ಲಿ ಇರುವಾಗಲೇ ಅದರೊಳಗೆ ಮುಂದೆ ಮಕ್ಕಳಾಗೋ ಅಂಡಕಣಗಳು ತಯಾರಾಗಿರುತ್ತವೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ ಇರುತ್ತವಂತೆ. ಮೈನೆರೆಯೋ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಜೀವಮಾನದಲ್ಲಿ ಮಾಗಿ ಹೊರಗೆ ಬರೋದು ನಾನ್ನೂರರ ಆಸುಪಾಸು. ಅಲ್ಲಿಯವರೆಗೂ ಅರ್ಧ ಕೆಲಸ ಮುಗಿಸಿ, ಅರ್ಧಕ್ಕೆ ನಿಂತು, ಹತ್ತಾರು ವರ್ಷ ಮಲಗಿರುತ್ತವೆ. ಅಂದರೆ ನಮ್ಮ ಅವ್ವ ನಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗಲೇ, ನಾನು ಆಗೋ ಕಣವೂ ಅಲ್ಲೇ ಇತ್ತು. ಅಜ್ಜಿ ಉಂಡ ಮುದ್ದೆ, ಅಜ್ಜಿ ಉಣ್ಣದ ಮುದ್ದೆ, ಎರಡರ ಪಕ್ಕದಲ್ಲೂ ನಾನಿದ್ದೆ. ಮೊಮ್ಮಕ್ಕಳನ್ನ ನೋಡ್ಕೋಬೇಕು ಅನ್ನೋದು ಮುದುಕಿಯಾದ ಮೇಲಿನ ಮಾತು ಅಂದುಕೊಂಡಿದ್ದೆವು. ಹೆಂಗಸು ಬಸುರಿಯಾದ ದಿನವೇ ಮೊಮ್ಮಗಳ ಕಾಲ ಶುರುವಾಗಿರುತ್ತೆ.

ಹೊಟ್ಟೆಯಲ್ಲಿದ್ದಾಗ ಬಿದ್ದ ಕೊರತೆ ಎಷ್ಟು ದೂರ ಬರುತ್ತೆ ಅನ್ನೋದಕ್ಕೆ ಮೈಸೂರಿನಲ್ಲೇ ಸಾಕ್ಷಿ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ತೂಕವನ್ನ 1934ರಿಂದ ಪುಸ್ತಕದಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ, ಮುಂದೆ ಅದೇ ಊರಿನ ಸುತ್ತಮುತ್ತ ಬಾಳುತ್ತಿದ್ದ 517 ಜನರನ್ನ ವೈದ್ಯರು ಹುಡುಕಿ ಪರೀಕ್ಷೆ ಮಾಡಿದರು. ಆ ವರದಿ 1996ರಲ್ಲಿ ಅಚ್ಚಾಯಿತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ ಇತ್ತು. ಮೂರು ಕೆಜಿ ಮೀರಿ ಚೆನ್ನಾಗಿ ಹುಟ್ಟಿದವರಲ್ಲಿ ನೂರಕ್ಕೆ 3. ಯಾವುದೋ ತಾಯಿ ಒಬ್ಬಳು ಅರೆಹೊಟ್ಟೆ ಉಂಡ ವರ್ಷ, ಅರ್ಧ ಶತಮಾನ ಆದ ಮೇಲೆ ಮಗನ ಎದೆಯಲ್ಲಿ ನೋವಾಗಿ ಬರಬಹುದು.

ಈಗ ಬಿತ್ತನೆ ಬೀಜದ ಪ್ರಶ್ನೆಗೆ ಬರೋಣ. ಮೂಟೆಯಲ್ಲಿರೋ ಕಡ್ಲೆಕಾಯಿ ಮಾತ್ರ ಬೀಜವಾ? ಮನೆಯ ಹುಡುಗಿ ಬೀಜ ಅಲ್ಲವಾ? 2019-21ರಲ್ಲಿ ಸರ್ಕಾರದವರು ದೇಶದಲ್ಲೆಲ್ಲ ಮಾಡಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಅಂತ ಬಂತು. ಮೊದಲು ಗಂಡಸರು, ಆಮೇಲೆ ಗಂಡುಮಕ್ಕಳು, ತಳದಲ್ಲಿ ಉಳಿದರೆ ಹೆಂಗಸರು ಅನ್ನೋ ಊಟದ ಸಾಲು ನಮ್ಮ ಊರುಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಮೂಟೆ ಮುಟ್ಟಬೇಡ, ಅದು ಬೀಜ ಅಂತ ಗದರಿಸೋ ಯಜಮಾನ, ಹದಿಮೂರು ವರ್ಷದ ಹುಡುಗಿಯ ತಟ್ಟೆಗೆ ಮುದ್ದೆ ಕಮ್ಮಿ ಬಿದ್ದದ್ದನ್ನ ನೋಡೋದಿಲ್ಲ. ಆ ಮನೆಯಲ್ಲಿ ಬೀಜ ತಿನ್ನೋದು ದಿನಾ ನಡೀತಾ ಇರುತ್ತೆ. ಹೆಸರು ಬೇರೆ, ಅಷ್ಟೇ.

ಮೂರನೇದು, ತೀರ್ಮಾನ ಮಾಡೋರು ಯಾರು? ಹಾಡೋರಿಗೆ ಕೆರೆಗೆ ಹಾರದ ಕಥೆ ಗೊತ್ತೇ ಇದೆ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಕಿರಿ ಸೊಸೆ ಭಾಗೀರಥಿಯನ್ನ ಹಾರ ಕೊಟ್ಟರು. ನಾನೂ ಅದನ್ನ ಎಷ್ಟೋ ರಾತ್ರಿ ಹಾಡಿದೀನಿ. ಜನ ಅಳುತ್ತಾರೆ, ಹಾಡಿದವನಿಗೂ ಕೊರಳು ಕಟ್ಟುತ್ತೆ. ಆ ಹಾಡನ್ನ ಬಿಡಬೇಕು ಅಂತ ನಾನು ಹೇಳೋದಿಲ್ಲ. ಆದರೆ ಅದರಲ್ಲಿ ನೀರು ಬೇಕಾಗಿದ್ದು ಊರಿಗೆಲ್ಲ, ಕೊಟ್ಟಿದ್ದು ಒಬ್ಬಳ ಜೀವ, ಆರಿಸಿದ್ದು ಮನೆಯ ಹಿರಿಯರು. ಹಿರಿ ಸೊಸೆಯನ್ನ ಕೊಟ್ಟರೆ ಮನೆ ನಡೆಸೋರು ಯಾರು ಅನ್ನೋ ಲೆಕ್ಕವೂ ಅಲ್ಲಿ ಬರುತ್ತೆ. ಯಾರ ಮಾತಿಗೆ ಬೆಲೆ ಕಮ್ಮಿಯೋ ಅವರ ಪಾಲಿಗೆ ತ್ಯಾಗ ಬರುತ್ತೆ. ಹಾಡು ಕಟ್ಟಿದ ನಮ್ಮ ಹಿಂದಿನ ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು ಅಂತಲೇ ನನ್ನ ನಂಬಿಕೆ. ಇಲ್ಲದಿದ್ದರೆ ಆ ಹಾಡಿನಲ್ಲಿ ಅಷ್ಟು ಸಂಕಟ ಇರುತ್ತಿರಲಿಲ್ಲ. ಸಮುದ್ರದ ಹುಳ ತನ್ನ ಎಣ್ಣೆಯನ್ನ ತಾನು ಕೊಡುತ್ತೆ. ಭಾಗೀರಥಿಯ ಎಣ್ಣೆಯನ್ನ ಬೇರೆಯವರು ಸುರಿದರು. ಇವೆರಡನ್ನೂ ತಾಯ್ತನ ಅಂತ ಒಂದೇ ಹೆಸರಿನಲ್ಲಿ ಕರೆಯಬಾರದು.

ಊರಿನ ಹಿರಿಯರಷ್ಟೇ ಅಲ್ಲ, ಸರ್ಕಾರವೂ ಈ ಲೆಕ್ಕ ಹಾಕಿದ್ದುಂಟು. ಧಾತು ಈಶ್ವರ ಸಂವತ್ಸರದ ಬರ ಅಂತ ನಮ್ಮ ಹಿರಿಯರ ಬಾಯಲ್ಲಿ ಇದ್ದದ್ದು 1876ರಿಂದ 1878ರ ಬರ. ಆಗ ನಮ್ಮ ಸೀಮೆ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ಇತ್ತು. ಅನಂತಪುರ ಬೇರೆ ಜಿಲ್ಲೆ ಆಗಿದ್ದು 1882ರಲ್ಲಿ. ಬರದ ಕೆಲಸಕ್ಕೆ ಬಂದ ಕೂಲಿಯವರಿಗೆ ಎಷ್ಟು ಕೊಟ್ಟರೆ ಜೀವ ನಿಲ್ಲುತ್ತೆ ಅಂತ ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಲೆಕ್ಕ ಮಾಡಿ, 1877ರಲ್ಲಿ ದಿನಕ್ಕೆ ಒಂದು ಪೌಂಡ್ ಧಾನ್ಯಕ್ಕೆ ಇಳಿಸಿದ. ಅರ್ಧ ಕೆಜಿಗೂ ಕಮ್ಮಿ, ಜೊತೆಗೆ ಚಿಲ್ಲರೆ ಕಾಸು. ಮಣ್ಣು ಹೊರೋ ಮನುಷ್ಯನಿಗೆ ಇದು ಸಾಲದು ಅಂತ ಮದ್ರಾಸಿನ ಆರೋಗ್ಯದ ಅಧಿಕಾರಿ ಡಾಕ್ಟರ್ ಕಾರ್ನಿಷ್ ಗಟ್ಟಿಯಾಗಿ ಎದುರು ನಿಂತರು. ಖಜಾನೆ ಉಳಿಸಬೇಕು ಅನ್ನೋದು ಒಬ್ಬನ ಮಾತು, ಮೈ ಉಳಿಸಬೇಕು ಅನ್ನೋದು ಇನ್ನೊಬ್ಬರ ಮಾತು. ಎಷ್ಟು ಕಮ್ಮಿಯಲ್ಲಿ ಬದುಕಬಹುದು ಅಂತ ಇನ್ನೊಬ್ಬರ ಹೊಟ್ಟೆಗೆ ಲೆಕ್ಕ ಹಾಕೋನು, ಆ ಲೆಕ್ಕದಲ್ಲಿ ಒಂದು ವಾರ ತಾನು ಉಂಡು ತೋರಿಸಬೇಕು. ಅದಕ್ಕೆ ಒಪ್ಪದವನಿಗೆ ಆ ಅಧಿಕಾರ ಇರಬಾರದು ಅಂತ ನಾನು ಹೇಳ್ತೀನಿ.

ಹಾಗಾದರೆ ಬೀಜ ತಿಂದುಬಿಡಿ ಅನ್ನುತ್ತೀಯಾ ಅಂತ ನೀವು ಕೇಳಬಹುದು. ಇಲ್ಲ. ಇಲ್ಲಿ ನಮ್ಮ ಕೆರೆಯ ಸಣ್ಣ ಜೀವಗಳನ್ನ ನೋಡಬೇಕು. ಕೆರೆ ಬತ್ತಿ, ನೆಲ ಬಿರುಕು ಬಿಟ್ಟು, ಎಮ್ಮೆ ಕಾಲಿಟ್ಟರೆ ಧೂಳೇಳೋ ಹೊತ್ತಲ್ಲೂ ಆ ಹೂಳಿನಲ್ಲಿ ಮೊಟ್ಟೆ ಇರುತ್ತವೆ. ಕೆರೆಯ ಕೆಲವು ಕೋಪೆಪಾಡ್‌ಗಳು ಎರಡು ಥರ ಮೊಟ್ಟೆ ಇಡುತ್ತವೆ. ಒಂದು ಕೂಡಲೇ ಒಡೆಯೋದು. ಇನ್ನೊಂದು ಗಟ್ಟಿ ಚಿಪ್ಪಿನದು, ಕೆಸರಿಗೆ ಇಳಿದು ಕಾಯೋದು. ಬೆಟ್ಟದ ಬಂಡೆಯ ದೊಣೆಗಳಲ್ಲಿ ಎರಡು ಮಳೆ ನೀರು ನಿಂತರೆ ಸಾಕು, ಎಲ್ಲಿಂದಲೋ ಜೀವ ಹರಿದಾಡುತ್ತೆ. ಅವು ಎಲ್ಲಿಂದಲೂ ಬರಲಿಲ್ಲ, ಅಲ್ಲೇ ಇದ್ದವು. ಅಮೆರಿಕಾದ ರೋಡ್ ಐಲೆಂಡ್ ಅನ್ನೋ ಕಡೆ ಒಂದು ಕೊಳದ ತಳದ ಕೆಸರನ್ನ ತೆಗೆದು ಪದರ ಪದರ ವಯಸ್ಸು ಲೆಕ್ಕ ಹಾಕಿದಾಗ, 300 ವರ್ಷ ದಾಟಿದ ಮೊಟ್ಟೆಯೂ ಒಡೆದು ಮರಿಯಾಯಿತು. 1995ರಲ್ಲಿ ಇದನ್ನ ಪ್ರಕಟ ಮಾಡಿದರು. ನಮ್ಮ ಕುಂದುರ್ಪಿ ಬೆಟ್ಟದ ಮೇಲೆ ಪಾಳೇಗಾರರು ಇದ್ದ ಕಾಲದಲ್ಲಿ ಇಟ್ಟ ಮೊಟ್ಟೆ ನಮ್ಮ ಕಾಲದಲ್ಲಿ ಒಡೆದ ಹಾಗೆ.

ಅವುಗಳ ಒಂದು ಜಾಣತನ ರೈತನಿಗೆ ಕೂಡಲೇ ಅರ್ಥ ಆಗುತ್ತೆ. ಮೊದಲ ಮಳೆಗೇ ಎಲ್ಲಾ ಮೊಟ್ಟೆ ಒಡೆಯೋದಿಲ್ಲ. ಕೆಲವು ಒಡೆಯುತ್ತವೆ, ಕೆಲವು ಇನ್ನೊಂದು ಮಳೆಗೆ, ಇನ್ನೊಂದು ವರ್ಷಕ್ಕೆ ಅಂತ ಮಲಗೇ ಇರುತ್ತವೆ. ಮೊದಲ ಮಳೆ ಮೋಸ ಮಾಡಿ ನೀರು ಬತ್ತಿದರೆ ಒಡೆದವು ಸಾಯುತ್ತವೆ, ಮಲಗಿದವು ಉಳಿಯುತ್ತವೆ. ಒಂದು ಹದ ಮಳೆ ಬಿತ್ತು ಅಂತ ಇದ್ದ ಬೀಜವನ್ನೆಲ್ಲ ಒಂದೇ ದಿನ ಕೂರಿಗೆಗೆ ಸುರಿದವನ ಗತಿ ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ. ಹಿಂದಿನವರು ಒಂದು ಕಡೆ ಕಡ್ಲೆಕಾಯಿ, ಒಂದು ಕಡೆ ಸಜ್ಜೆ, ನವಣೆ, ತಡವಾದರೆ ಹುರುಳಿ ಅಂತ ಇಟ್ಟುಕೊಂಡಿದ್ದು ಇದೇ ಜಾಣತನದಿಂದ.

ಇದರಿಂದ ನನಗೆ ಹೊಳೆದ ಉತ್ತರ ಹೀಗೆ. ಬೀಜ ಕಾಯೋ ಭಾರವನ್ನ ಒಂದೊಂದು ಮನೆಯ ಹಸಿದ ಹೊಟ್ಟೆ ಮೇಲೆ ಹೊರಿಸಬಾರದು. ಕೆರೆಯಲ್ಲಿ ಒಂದು ಮೊಟ್ಟೆ ಒಡೆದು ಹಾಳಾದರೂ ಕೆರೆ ಹಾಳಾಗೋದಿಲ್ಲ, ಯಾಕಂದರೆ ಕಾಯೋದು ಕೆರೆಯ ಹೂಳು ಪೂರ್ತಿ. ಹಾಗೆಯೇ ಊರು ಪೂರ್ತಿ ಸೇರಿ ಬೀಜ ಕಾಯಬೇಕು. ಹಿಂದೆ ಬೀಜ ಇಲ್ಲದವರು ಇದ್ದವರ ಮನೆಯಿಂದ ಒಂದು ಸೇರು ತಂದು ಸುಗ್ಗಿಯಲ್ಲಿ ಒಂದೂವರೆ ಸೇರು ಅಳೆದು ಕೊಡುತ್ತಿದ್ದರು. ಅದರಲ್ಲಿ ಸುಲಿಗೆಯೂ ಇತ್ತು, ಉಪಕಾರವೂ ಇತ್ತು. ಸುಲಿಗೆ ಬಿಟ್ಟು ಉಪಕಾರ ಉಳಿಸಿಕೊಂಡರೆ, ಒಂದು ಮನೆಯ ಮಗು ಹಸಿದಾಗ ಆ ಮನೆಯವರು ತಮ್ಮ ಬೀಜ ತಿಂದರೂ ಪಾಪ ಆಗೋದಿಲ್ಲ. ಊರಲ್ಲಿ ಬೀಜ ಇದೆ. ಹಸಿದ ತಾಯಿ ಬೀಜ ಹುರಿದು ಮಗುವಿಗೆ ತಿನ್ನಿಸಿದರೆ ಅದು ಅವಳ ತಪ್ಪಲ್ಲ. ಅವಳು ಆ ಸ್ಥಿತಿಗೆ ಬರೋವರೆಗೂ ತನ್ನ ಕಣಜ ಮುಚ್ಚಿಟ್ಟುಕೊಂಡ ಪಕ್ಕದ ಮನೆಯವನದ್ದು ತಪ್ಪು.

ಹೀಗೆ ಹೇಳಿದ ಮೇಲೆ ಇನ್ನೊಂದು ಬೀಜದ ಮಾತು ಬರುತ್ತೆ. ಅದು ನೀರು. ನೆಲದ ಆಳದಲ್ಲಿ ಕತ್ತಲಲ್ಲಿ ಮಲಗಿರೋ ನೀರು ಭೂಮಿತಾಯಿಯ ಮೈಯೆಣ್ಣೆ ಇದ್ದ ಹಾಗೆ. ಮಳೆಯ ಕಾಲದಲ್ಲಿ ಹನಿ ಹನಿ ಇಳಿದು ಕೂಡಿದ್ದು. ಮೊದಲು ನೂರು ಅಡಿ ಬೋರು ಅಂದರೆ ಆಳ ಅಂತಿದ್ದೆವು, ಈಗ ಸಾವಿರ ಅಡಿ ಅಂದರೂ ಯಾರೂ ಬೆಚ್ಚಿಬೀಳೋದಿಲ್ಲ. ಇದ್ದದ್ದನ್ನ ಎತ್ತೋದು ನಮಗೆ ಗೊತ್ತು, ತುಂಬಿಸೋದು ಮರೆತಿದ್ದೇವೆ. ಹಸಿದ ಮನೆ ತನ್ನ ಬೀಜ ತಿಂದರೆ ಅದು ಅದರ ಸಂಕಟ. ಸಾವಿರ ಅಡಿ ನೀರನ್ನ ಒಬ್ಬನೇ ಎತ್ತಿ ಮಾರೋದು ಬೇರೆ. ಅದು ಅವನು ಕೂಡಿಟ್ಟದ್ದಲ್ಲ, ಅವನೊಬ್ಬನ ಪಾಲೂ ಅಲ್ಲ. ಹುಟ್ಟದೇ ಇರೋ ಮಗು ಪಂಚಾಯಿತಿಗೆ ಬಂದು ನನ್ನ ಪಾಲು ಎಲ್ಲಿ ಅಂತ ಕೇಳೋಕಾಗಲ್ಲ. ಅದರ ಪರವಾಗಿ ಬದುಕಿರೋರೇ ಕೇಳಬೇಕು.

ಮಲಗಿರೋದನ್ನ ಸತ್ತಿದೆ ಅನ್ನೋದು ಇನ್ನೊಂದು ಅನ್ಯಾಯ. ನೀರು ಬಾರದೆ ಎಷ್ಟೋ ವರ್ಷ ಆಯಿತು, ಇದು ಇನ್ನು ಕೆರೆಯೇ ಅಲ್ಲ ಅಂತ ಅಂಗಳವನ್ನ ಒತ್ತಿಕೊಳ್ಳೋರು ಎಲ್ಲಾ ಊರಲ್ಲೂ ಇದ್ದಾರೆ. ಹಿರಿಯೂರಿನ ಹತ್ತಿರದ ಮಾರಿಕಣಿವೆ ನಮಗೆ ದೂರ ಏನಲ್ಲ. ಅಲ್ಲಿ ವೇದಾವತಿಗೆ ಕಟ್ಟಿರೋ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷಕ್ಕೆ. ಒಂದು ತಲೆಮಾರು ಹುಟ್ಟಿ, ಬೆಳೆದು, ಮುದಿಯಾಗಿ, ಕೋಡಿ ನೋಡದೇನೆ ಹೋಯಿತು. ಇನ್ನು ಅಲ್ಲಿ ನೀರು ಹರಿಯೋದಿಲ್ಲ ಅಂತ ಹೇಳಿ ಸತ್ತವರೂ ಇದ್ದಿರಬೇಕು. ಅವರು ಹೇಳಿದ್ದು ಸುಳ್ಳಾಯಿತು. ಒಂದು ಮನುಷ್ಯನ ಆಯುಸ್ಸನ್ನ ಅಳತೆಗೋಲು ಮಾಡಿಕೊಂಡು ಕೆರೆಯ ಸಾವು ಬದುಕು ಹೇಳಬಾರದು.

ಮಲಗಿರೋದೆಲ್ಲ ಒಳ್ಳೇದೇ ಅಂತಲೂ ನಾನು ಹೇಳ್ತಿಲ್ಲ. ಆ ಸೈಕ್ಲಾಪ್ಸ್ ಇದೆಯಲ್ಲ, ಅದರ ಹೊಟ್ಟೆಯಲ್ಲಿ ಕೂತೇ ನಾರುಹುಳ ಮನುಷ್ಯರ ಮೈಗೆ ಬರುತ್ತಿದ್ದುದು. ತೆಲುಗಿನಲ್ಲಿ ನಾರಿ ಕುರುಪು ಅಂತಿದ್ದರು. ಹಳಬರಿಗೆ ನೆನಪಿರಬಹುದು, ಕಾಲಿನ ಗುಳ್ಳೆಯಿಂದ ಮೊಳಗಟ್ಟಲೆ ಹುಳವನ್ನ ಕಡ್ಡಿಗೆ ಸುತ್ತಿ ಸುತ್ತಿ ದಿನಗಟ್ಟಲೆ ಎಳೆಯೋರು. ಮೆಟ್ಟಿಲು ಇಳಿಯೋ ಬಾವಿಯಲ್ಲಿ ರೋಗಿ ಕಾಲಿಟ್ಟರೆ ಹುಳದ ಮರಿ ನೀರಿಗೆ, ನೀರಿಂದ ಸೈಕ್ಲಾಪ್ಸಿಗೆ, ಸೈಕ್ಲಾಪ್ಸ್ ಇರೋ ನೀರು ಕುಡಿದವನಿಗೆ. ನೀರನ್ನ ಬಟ್ಟೆಯಲ್ಲಿ ಸೋಸಿ, ಮೆಟ್ಟಿಲ ಬಾವಿಗಳನ್ನ ಸೇದೋ ಬಾವಿ ಮಾಡಿ, ಕೊಳವೆ ಬಾವಿ ಹಾಕಿ, ಊರೂರು ತಿರುಗಿ ಆ ರೋಗವನ್ನ ಕಳೆದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶಕ್ಕೆ ನಾರುಹುಳ ಮುಕ್ತ ಅಂತ ಪತ್ರ ಕೊಟ್ಟಿತು. ನಾರುಹುಳ ಹೋಯಿತು, ಸೈಕ್ಲಾಪ್ಸ್ ಕೆರೆಯಲ್ಲಿ ಇನ್ನೂ ಇದೆ. ಮೀನುಮರಿಗೆ ಅದು ಆಹಾರ.

ಹಿಂದಿನವರಿಂದ ಬಂದದ್ದನ್ನೆಲ್ಲ ನಾವು ಹೀಗೇ ಸೋಸಬೇಕು ಅನ್ನಿಸುತ್ತೆ. ಬೀಜ ಕಾಯಬೇಕು ಅನ್ನೋ ಹಿರಿಯರ ಮಾತು ಉಳಿಯಬೇಕು. ಅದರ ಹೊಟ್ಟೆಯಲ್ಲಿ ಕೂತಿರೋ, ಮನೆಯ ಹೆಣ್ಣು ಹಸಿಯಲಿ ಅನ್ನೋ ಹುಳ ಹೋಗಬೇಕು. ಎರಡೂ ಒಟ್ಟಿಗೇ ಬಂದಿವೆ, ಒಟ್ಟಿಗೇ ಇರಲಿ ಅನ್ನೋದು ಸರಿಯಲ್ಲ. ಎರಡೂ ಬೇಡ, ಹಳೇದೆಲ್ಲ ಸುಟ್ಟುಹಾಕಿ ಅನ್ನೋದೂ ಸರಿಯಲ್ಲ. ಮಳೆ ಬಂದಾಗ ಒಳ್ಳೇದೂ ಎದ್ದೇಳುತ್ತೆ, ಕೆಟ್ಟದ್ದೂ ಎದ್ದೇಳುತ್ತೆ. ನಾಲ್ಕು ಕಾಸು ಓಡಾಡಿದ ವರ್ಷ ವರದಕ್ಷಿಣೆ ಜಾಸ್ತಿ ಆಗೋದನ್ನ ನೋಡಿದ್ದೇವೆ. ನೀರು ಕುಡಿಯೋಕೆ ಮುಂಚೆ ಬಟ್ಟೆ ಹಿಡಿಯೋದು ನಮ್ಮ ಕೆಲಸ.

ಇಷ್ಟು ಬರೆದ ಮೇಲೂ ಒಂದು ಕಷ್ಟ ಉಳಿಯುತ್ತೆ, ಅದನ್ನ ಮುಚ್ಚಿಡೋದಿಲ್ಲ. ಊರಲ್ಲಿ ಯಾರ ಮನೆಯಲ್ಲೂ ಬೀಜ ಇಲ್ಲ, ಎಲ್ಲರ ಮಕ್ಕಳೂ ಹಸಿದಿವೆ ಅನ್ನೋ ಕಾಲ ಬಂದರೆ ಏನು ಮಾಡಬೇಕು? ಧಾತು ಈಶ್ವರದಲ್ಲಿ ಅಂಥ ಕಾಲ ಬಂದಿತ್ತು. ಆಗ ಬದುಕಿರೋ ಮಗುವನ್ನೇ ಮೊದಲು ಉಳಿಸಬೇಕು ಅಂತ ನಾನು ಹೇಳ್ತೀನಿ. ಮಗು ಉಳಿದರೆ ಬೀಜವನ್ನ ನೂರು ಹರಿದಾರಿ ದೂರದಿಂದಾದರೂ ತರಬಹುದು, ಬೀಜ ಉಳಿದು ಮಗು ಹೋದರೆ ಬಿತ್ತೋರು ಯಾರು? ನನ್ನ ವಯಸ್ಸಿನ ಕೆಲವರು ಇದನ್ನ ಒಪ್ಪೋದಿಲ್ಲ. ಬೀಜ ಹೋದ ಊರು ಗುಳೆ ಹೋಗುತ್ತೆ, ಗುಳೆ ಹೋದ ಊರು ಮತ್ತೆ ಕೂಡೋದಿಲ್ಲ ಅಂತಾರೆ. ಅವರ ಮಾತಲ್ಲೂ ತೂಕ ಇದೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದ ಮನೆಗಳ ಬೀಗ ನೋಡಿದರೆ ಆ ತೂಕ ಗೊತ್ತಾಗುತ್ತೆ.

ಆದ್ದರಿಂದ ಇದನ್ನ ನಾನೊಬ್ಬ ತೀರ್ಮಾನ ಮಾಡಿ ಮುಗಿಸೋದಿಲ್ಲ. ಓದಿದವರು, ಮೇಷ್ಟ್ರುಗಳು ಇದನ್ನ ಶಾಲೆಯಲ್ಲಿ ಮಕ್ಕಳ ಮುಂದೆ ಇಟ್ಟು ಕೇಳಲಿ. ಕೇಳುವಾಗ ಹುಡುಗಿಯರನ್ನ ಮೊದಲು ಕೇಳಲಿ. ಮನೆಗಳಲ್ಲಿ ಈ ವಿಷಯ ಮಾತಾಡೋರು, ಆ ಹೊತ್ತು ಹೆಣ್ಣುಮಕ್ಕಳ ಊಟ ಆಗಿದೆಯಾ ಅಂತ ನೋಡಿಕೊಂಡು ಮಾತು ಶುರು ಮಾಡಲಿ.